ಬೆರಳೆತ್ತುವ ಹಾಡು

ಜಪಾನಿನ ಒಂದು ರಾಕ್ ತಂಡದ ಹನ್ನೊಂದು ಹಾಡುಗಳು ನನಗೆ ಬಾಯಿಪಾಠ. ಬಾಯಿಪಾಠ ಅಂದರೆ ಹಾಡಲು ಬರುತ್ತದೆ ಅಂತಲ್ಲ. ಅದರ ಒಂದು ಪದಕ್ಕೂ ನನಗೆ ಅರ್ಥ ಗೊತ್ತಿಲ್ಲ. ಎಲ್ಲಿ ಡ್ರಮ್ ನಿಲ್ಲುತ್ತದೆ, ಎಲ್ಲಿ ಹಾಡುವವನು ಉಸಿರೆಳೆದುಕೊಳ್ಳುತ್ತಾನೆ, ಎಲ್ಲಿ ಗಿಟಾರ್ ಮುಂದೆ ಓಡಿ ಮಿಕ್ಕವರು ಹಿಂದೆ ಬೀಳುತ್ತಾರೆ ಅನ್ನುವುದು ಗೊತ್ತು. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ತಗಡು ಒತ್ತಿದ ನನ್ನಂಥವನಿಗೆ ಇವು ಎಲ್ಲಿಂದ ಗಂಟುಬಿದ್ದವು ಎಂದು ನಮ್ಮೂರಿನಲ್ಲಿ ಕೇಳದವರಿಲ್ಲ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು ಕೆಲಸಕ್ಕೆ ಸೇರಿದ ಕೆಲವು ವರ್ಷಕ್ಕೆ ಜಪಾನಿನಿಂದ ಒಂದು ದೊಡ್ಡ ಪ್ರೆಸ್ ಬಂತು. ಅದನ್ನು ಕೂರಿಸಿ, ನಡೆಸಿ ತೋರಿಸಲು ಜೊತೆಗೆ ಒಬ್ಬರು ಬಂದರು. ಐವತ್ತರ ಆಸುಪಾಸು, ತೆಳ್ಳಗಿನ ಆಳು, ಟೋಪಿ ತೆಗೆದರೆ ತಲೆ ನುಣ್ಣಗೆ. ನಾವು ಜಪಾನ್ ಸಾರ್ ಅನ್ನುತ್ತಿದ್ದೆವು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಸೇರಿದರೂ ಒಂದು ವಾಕ್ಯ ಪೂರ್ತಿಯಾಗುತ್ತಿರಲಿಲ್ಲ.

ಪ್ರೆಸ್ಸಿನೊಳಗೆ ಡೈ ಅಂತ ಇರುತ್ತದೆ, ತಗಡಿಗೆ ಆಕಾರ ಕೊಡುವ ಉಕ್ಕಿನ ಅಚ್ಚು. ಅದು ಬಿರುಕು ಬಿಡುವ ಮೊದಲು ಸದ್ದು ಬದಲಾಯಿಸುತ್ತದೆ. ಕಣ್ಣಿಗೆ ಕಾಣುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಅದಕ್ಕಿಂತ ಮುಂಚೆ ಹಿಡಿಯಬೇಕಾದರೆ ಕಿವಿಯಿಂದಲೇ ಹಿಡಿಯಬೇಕು. ಸಾರ್ ಮೊದಲ ವಾರವೇ ನಮ್ಮ ಆರೇಳು ಜನರನ್ನು ಸಾಲಾಗಿ ನಿಲ್ಲಿಸಿದರು. ಒಂದು ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಡೈ ಪಕ್ಕಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ಕೇಳಲು ಹೇಳಿದರು. ನಮ್ಮವರು ಗೊತ್ತಲ್ಲ, ದೊಡ್ಡವರು ಏನಾದರೂ ತೋರಿಸಿದರೆ ನೋಡುವ ಮೊದಲೇ ತಲೆಯಾಡಿಸಿಬಿಡುತ್ತಾರೆ. ಎಲ್ಲರೂ ಎಸ್ ಸಾರ್, ಎಸ್ ಸಾರ್ ಅಂದರು. ನನ್ನ ಸರದಿ ಬಂದಾಗ ಗುದ್ದಿನ ಹಿಂದೆ ಬೇರೊಂದು ಸಣ್ಣ ಸದ್ದು ಕೇಳಿಸಿತು. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ತಿಳಿಯದೆ "ಟಿಣ್" ಅಂದೆ. ಸಾರ್ ಪ್ರೆಸ್ ನಿಲ್ಲಿಸಿ, ಡೈ ಬಿಚ್ಚಿಸಿ, ಸಡಿಲವಾಗಿದ್ದ ಒಂದು ಬೋಲ್ಟನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಅವರೇ ಸಡಿಲ ಮಾಡಿಟ್ಟಿದ್ದರಂತೆ.

ಅಂದಿನಿಂದ ನಾನು ಆ ವಿಭಾಗದ ಕಿವಿಯಾದೆ. ಯಾವ ಯಂತ್ರದಲ್ಲಿ ಅನುಮಾನ ಬಂದರೂ ನನ್ನನ್ನು ಕರೆಯುತ್ತಿದ್ದರು. ನಾನು ಸ್ಕ್ರೂಡ್ರೈವರ್ ಹಿಡಿದು ಹೋಗಿ, ಕಣ್ಣು ಮುಚ್ಚಿ ಕೇಳಿ, ಓಡಿಸಿ ಅಂದರೆ ಓಡಿಸುತ್ತಿದ್ದರು, ನಿಲ್ಲಿಸಿ ಅಂದರೆ ನಿಲ್ಲಿಸುತ್ತಿದ್ದರು. ಓದಿದ್ದು ಹತ್ತನೇ ಕ್ಲಾಸು. ನನ್ನ ವಿದ್ಯೆ ಅಂದರೆ ಅದೊಂದೇ, ಅದರ ಮೇಲೆ ನನಗೆ ಸಾಕಷ್ಟು ಜಂಬವೂ ಇತ್ತು.

ಊಟದ ಹೊತ್ತಿನಲ್ಲಿ ಸಾರ್ ಸೈಕಲ್ ಸ್ಟ್ಯಾಂಡ್ ಪಕ್ಕದ ಹೊಂಗೆ ಮರದ ಕೆಳಗೆ ಕೂತು ಇಯರ್‌ಫೋನ್ ಹಾಕಿಕೊಳ್ಳುತ್ತಿದ್ದರು. ಬೋಲ್ಟ್ ಕೊಟ್ಟ ಮಾರನೇ ದಿನ ನನ್ನನ್ನು ಕೈಸನ್ನೆಯಲ್ಲಿ ಕರೆದು ಒಂದು ಎಳೆಯನ್ನು ನನಗೆ ಕೊಟ್ಟರು. ಕೇಳಿಸಿದ್ದು, ಬಹಳ ದೂರದಲ್ಲಿ ಯಾರೋ ಸಣ್ಣ ತಾಳ ತಟ್ಟಿದ ಸದ್ದು. ಒಂದು ಸಲ. ಸಾರ್ ತೋರುಬೆರಳು ಎತ್ತಿದರು. ಇನ್ನೊಂದು ಸಲ. ಮತ್ತೆ ಬೆರಳು. ಹೀಗೆ ಒಂಬತ್ತು ಸಲ ಆದ ಮೇಲೆ ಗಿಟಾರ್ ದಡಾರನೆ ಬಂದು ಬಿತ್ತು. ನಾನು ಬೆಚ್ಚಿದೆ. ಸಾರ್ ನಕ್ಕರು.

ಆ ಒಂಬತ್ತು ತಾಳದ ನಡುವೆ ಒಂದೇ ಸಮನಾದ ಅಂತರ ಇಲ್ಲ. ಈಗ ಬರುತ್ತದೆ ಅಂದುಕೊಂಡರೆ ಬರುವುದಿಲ್ಲ, ಬಿಟ್ಟುಬಿಟ್ಟರೆ ಬರುತ್ತದೆ. ಎಣಿಸಿ ಹಿಡಿಯಲು ಆಗುವುದಿಲ್ಲ, ಕೇಳಿಯೇ ಬೆರಳು ಎತ್ತಬೇಕು. ನಾನು ಮೊದಲ ದಿನ ನಾಲ್ಕು ಕಡೆ ತಪ್ಪಿದೆ. ವಾರ ಕಳೆಯುವಷ್ಟರಲ್ಲಿ ಇಬ್ಬರ ಬೆರಳೂ ಒಟ್ಟಿಗೆ ಏಳತೊಡಗಿತು. ಕ್ಯಾಂಟೀನಿನ ಕಿಟಕಿಯಿಂದ ನೋಡಿದವರು, ಇಬ್ಬರೂ ಮರದ ಕೆಳಗೆ ಕೂತು ಯಾರಿಗೋ ಬುದ್ಧಿ ಹೇಳುತ್ತಿದ್ದಾರೆ ಎಂದು ನಗುತ್ತಿದ್ದರು.

ಸಾರ್ ಹೊರಡುವಾಗ ಆ ಹಾಡುಗಳ ಡಿಸ್ಕನ್ನು ನನಗೆ ಕೊಟ್ಟರು. ಹೊದಿಕೆಯ ಮೇಲೆ ನಾಲ್ಕು ಜನ ಹುಡುಗರು. ಒಬ್ಬನ ಕೂದಲು ಬದನೆ ಹೂವಿನ ಬಣ್ಣದ್ದು. ನಮ್ಮ ಮನೆಯಲ್ಲಿ ಡಿಸ್ಕ್ ಹಾಕುವ ಯಂತ್ರ ಇರಲಿಲ್ಲ. ಜೂಜುವಾಡಿಯಲ್ಲಿ, ಲಾರಿಗಳು ನಿಲ್ಲುವ ಸಾಲಿನಲ್ಲಿ, ಡ್ರೈವರುಗಳಿಗೆ ಹಾಡು ತುಂಬಿಕೊಡುವ ಒಂದು ಮೊಬೈಲ್ ಅಂಗಡಿ ಇದೆ. ಅವನು ಅದನ್ನು ಮೆಮೊರಿ ಕಾರ್ಡಿಗೆ ಹಾಕಿಕೊಟ್ಟ. ಫೋನಿನಲ್ಲಿ ಹಾಡಿನ ಹೆಸರುಗಳೆಲ್ಲ ಬರೀ ಚೌಕ ಚೌಕವಾಗಿ ಕಂಡವು. ಹಾಗಾಗಿ ಹೆಸರಿಡುವ ಕೆಲಸವೂ ನನ್ನ ಪಾಲಿಗೆ ಬಂತು.

ಒಂದು ಬಸ್ಸಿನ ಹಾಡು. ನಮ್ಮೂರು ಸಾನಮಾವಿನ ಕಾಡಿನ ಅಂಚಿನಲ್ಲಿದೆ. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿ ಅದನ್ನು ಹಾಕಿದರೆ, ಡ್ರಮ್ ಶುರುವಾದ ಕೂಡಲೇ ಯಾರನ್ನೋ ಹೊಡೆಯಲು ಹೊರಟಿದ್ದೇನೆ ಅನ್ನಿಸುತ್ತದೆ. ಯಾರನ್ನು ಅಂತ ಗೊತ್ತಿಲ್ಲ. ಆನೆ ರಸ್ತೆ ದಾಟುತ್ತಿದೆ ಎಂದು ಬಸ್ಸು ನಿಂತ ದಿನ ಅದೇ ಹಾಡನ್ನು ಮೂರು ಸಲ ಕೇಳಿ, ಸಿಟ್ಟೆಲ್ಲ ಖರ್ಚಾಗಿ, ಕಾರ್ಖಾನೆಗೆ ಬಹಳ ಸಾಧುವಾಗಿ ಹೋಗುತ್ತಿದ್ದೆ. ಇನ್ನೊಂದು ಬದುವಿನ ಹಾಡು. ಅದರಲ್ಲಿ ಹಾಡುವವನೂ ಗಿಟಾರಿನವನೂ ಒಬ್ಬರ ಮಾತನ್ನು ಒಬ್ಬರು ಮುಗಿಸಲು ಬಿಡುವುದಿಲ್ಲ; ಹೊಲದ ಬದುವಿಗಾಗಿ ನಮ್ಮ ದೊಡ್ಡಪ್ಪ, ಚಿಕ್ಕಪ್ಪ ಜಗಳವಾಡುತ್ತಿದ್ದದ್ದು ಹೀಗೆಯೇ. ಮತ್ತೊಂದು ಅತ್ತೆಮನೆ ಹಾಡು. ಮೆಲ್ಲಗೆ ಶುರುವಾಗಿ ಮೆಲ್ಲಗೇ ಮುಗಿಯುತ್ತದೆ, ನಡುವೆ ಎಲ್ಲೂ ಕಾಲು ಚಾಚಲು ಬಿಡುವುದಿಲ್ಲ. ಎರಡು ಸಲಕ್ಕಿಂತ ಹೆಚ್ಚು ಕೇಳಿದರೆ ಬೆನ್ನು ನೋಯುತ್ತದೆ.

ಏಳನೆಯದಕ್ಕೆ ಅಪ್ಪನ ಹಾಡು ಅಂತ ಹೆಸರು ಬಿದ್ದದ್ದು ತಡವಾಗಿ. ಅಪ್ಪ ತೀರಿಕೊಂಡಾಗ ನನಗೆ ಅಳು ಬಂದಿರಲಿಲ್ಲ. ಚಟ್ಟ ಕಟ್ಟಿಸುವುದು, ನೆಂಟರಿಗೆ ಹೇಳಿಕಳಿಸುವುದು, ಅಡುಗೆಯವರನ್ನು ಹುಡುಕುವುದು, ಇದರಲ್ಲೇ ಹನ್ನೊಂದು ದಿನ ಹೋಯಿತು. ಕೆಲಸಕ್ಕೆ ಹೊರಟ ದಿನ ಬಸ್ಸಿನಲ್ಲಿ ಆ ಹಾಡು ಬಂತು. ಅದರ ಕೊನೆಯಲ್ಲಿ ವಾದ್ಯಗಳೆಲ್ಲ ನಿಂತು ಹಾಡುವವನ ದನಿಯೊಂದೇ ಉಳಿಯುತ್ತದೆ. ಹೊಲದ ಆ ತುದಿಯಿಂದ ಯಾರನ್ನೋ ಕೂಗಿದ ಹಾಗಿರುತ್ತದೆ. ಹೊಸೂರು ಬರುವವರೆಗೂ ಅತ್ತೆ. ಅರ್ಥ ಗೊತ್ತಿದ್ದರೆ ಅಳುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ.

ಇಷ್ಟಿದ್ದರೂ ನನ್ನ ಹಾಡು ಎಂದರೆ ತಾಳದ ಹಾಡೇ. ಅದನ್ನು ಎಲ್ಲೆಂದರಲ್ಲಿ ಹಾಕುತ್ತಿರಲಿಲ್ಲ. ಒಂದು ಡೈ ಬಿರುಕನ್ನು ಮುಂಚೆಯೇ ಹಿಡಿದ ದಿನ, ವಾಪಸು ಬಸ್ಸಿನಲ್ಲಿ ಕೂತು ಒಂದೇ ಒಂದು ಸಲ ಹಾಕಿಕೊಂಡು ಬೆರಳು ಎತ್ತುತ್ತಿದ್ದೆ. ಅದು ನನಗೆ ನಾನೇ ಕೊಟ್ಟುಕೊಳ್ಳುತ್ತಿದ್ದ ಶಹಬ್ಬಾಸ್‌ಗಿರಿ.

ಮೂರು ವರ್ಷದ ಹಿಂದೆ ಆ ಹಾಡಿನ ತಾಳ ಮಾಯವಾಯಿತು. ಹಾಡು ಶುರುವಾದರೆ ಸುಮ್ಮನೆ ಒಂದಷ್ಟು ಹೊತ್ತು ಮೌನ, ಆಮೇಲೆ ನೇರವಾಗಿ ಗಿಟಾರ್. ಮೆಮೊರಿ ಕಾರ್ಡ್ ಹಳೆಯದಾಗಿದೆ ಅಂದುಕೊಂಡೆ. ಡಿಸ್ಕ್ ತೆಗೆದುಕೊಂಡು ಜೂಜುವಾಡಿಗೆ ಹೋಗಿ ಹೊಸ ಕಾರ್ಡಿಗೆ ಹಾಕಿಸಿದೆ. ಅದರಲ್ಲೂ ಇಲ್ಲ. ಅಂಗಡಿಯವನ ಮೇಲೆ ರೇಗಿದೆ. ಅವನು ಇಯರ್‌ಫೋನ್ ಹಾಕಿಕೊಂಡು ಕೇಳಿ, ತಲೆಯಾಡಿಸಿ, "ನಲ್ಲಾ ಕೇಳುಂಗಣ್ಣಾ, ಎಲ್ಲಾಂ ಇರುಕ್ಕು," ಅಂದ ತಮಿಳಿನಲ್ಲಿ, ಸರಿಯಾಗಿ ಕೇಳಿ, ಎಲ್ಲ ಇದೆ ಅಂತ.

"ಏನ್ ಇರುಕ್ಕು? ನಾನೇನ್ ಕಿವುಡ್ನಾ? ಮೊದಲ್ನೇ ತುಂಡೇ ಕತ್ತರಿಸ್ಬುಟ್ಟಿದ್ದೀಯ," ಅಂದೆ.

ಅವನು ಮುಂದಿನವನ ಕಾರ್ಡನ್ನು ಕೈಗೆ ತೆಗೆದುಕೊಂಡ. ಗಿರಾಕಿಗಳು ಕಾಯುತ್ತಿದ್ದರು. ನಾನು ಆ ಅಂಗಡಿಗೆ ಇನ್ನು ಕಾಲಿಡುವುದಿಲ್ಲ ಎಂದು ದೊಡ್ಡದಾಗಿ ಹೇಳಿ ಬಂದೆ.

ಅದಾದ ಕೆಲವು ವಾರಕ್ಕೆ, ಒಂದು ಭಾನುವಾರ ಮಧ್ಯಾಹ್ನ, ನಾನೂ ನನ್ನ ಹೆಂಡತಿಯೂ ಜಗಲಿಯಲ್ಲಿ ಕೂತು ಕೊತ್ತಂಬರಿ ಕಟ್ಟು ಕಟ್ಟುತ್ತಿದ್ದೆವು. ಅವಳು ಸೂಳಗಿರಿ ಕಡೆಯವಳು, ನನ್ನ ಸೋದರಮಾವನ ಮಗಳು. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನನ್ನು ಬಾವ ಅಂತಲೇ ಕರೆಯುತ್ತಾಳೆ. ಫೋನು ತಾನಾಗಿ ಹಾಡುತ್ತಿತ್ತು. ಅವಳಿಗೆ ಈ ಹಾಡುಗಳೆಂದರೆ ತಲೆನೋವು. ಆದರೆ ಅವತ್ತು ತಟ್ಟನೆ ಕೈ ನಿಲ್ಲಿಸಿದಳು.

"ಬಾವ, ಈ ಹಾಡು ಸುರುವಾಗೋವಾಗ ಕಿಣ್ ಕಿಣ್ ಅಂತೈತಲ್ಲ, ಅದೊಂದೇ ಕಣಯ್ಯ ನಂಗಿಷ್ಟ. ಮಿಕ್ಕಿದ್ದೆಲ್ಲ ಬರೀ ಗಲಾಟೆ."

ನನಗೆ ಗಿಟಾರಿಗೆ ಮುಂಚಿನ ಮೌನ ಮಾತ್ರ ಕೇಳುತ್ತಿತ್ತು. "ಹ್ಞೂಂ, ಚೆನ್ನಾಗೈತೆ," ಅಂದೆ. ಬಾಳೆನಾರನ್ನು ಗಂಟು ಹಾಕಿದೆ. ಅದು ಬಿಚ್ಚಿಹೋಯಿತು, ಮತ್ತೆ ಹಾಕಿದೆ. ಅಂಗಡಿಯವನ ಮುಖ ನೆನಪಾಯಿತು. ಹೆದರಿಕೆ ಆಯಿತು ಎಂದು ನೇರವಾಗಿ ಬರೆಯುವುದೇ ವಾಸಿ. ಆದರೆ ಅವಳಿಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ.

ಹೀಗೆ ಯಾಕಾಯಿತು ಎಂದು ಹುಡುಕುವುದು ಕಷ್ಟವೇನಲ್ಲ. ಪ್ರೆಸ್ ವಿಭಾಗದಲ್ಲಿ ಎಲ್ಲರಿಗೂ ಇಯರ್ ಪ್ಲಗ್ ಕೊಡುತ್ತಾರೆ. ಜಪಾನ್ ಸಾರ್ ದಿನವಿಡೀ ಹಾಕಿಕೊಂಡೇ ಇರುತ್ತಿದ್ದರು, ಡೈ ಕೇಳುವಾಗ ಮಾತ್ರ ಒಂದನ್ನು ತೆಗೆದು ಜೇಬಿಗೆ ಹಾಕುತ್ತಿದ್ದರು. ಕೇಳಿ ಮುಗಿದ ಮೇಲೆ ಮತ್ತೆ ಹಾಕಿಕೊಳ್ಳುತ್ತಿದ್ದರು. ನಾವು ನೋಡಿ ಕಲಿತದ್ದು ತೆಗೆಯುವುದನ್ನು ಮಾತ್ರ. ಪ್ಲಗ್ ಹಾಕಿದವನು ಹೊಸಬ, ತೆಗೆದವನು ಕೆಲಸಗಾರ ಅನ್ನುವುದು ನಮ್ಮಲ್ಲಿ ಒಂದು ಠೀವಿಯಾಗಿಬಿಟ್ಟಿತ್ತು. ಸೂಪರ್‌ವೈಸರ್ ಬಂದರೆ ಕುತ್ತಿಗೆಗೆ ನೇತುಹಾಕಿಕೊಂಡ ಪ್ಲಗ್ಗನ್ನು ತುರುಕಿಕೊಳ್ಳುವುದು, ಹೋದ ಮೇಲೆ ಕಿತ್ತುಹಾಕುವುದು. ಹದಿನೈದು ವರ್ಷ ನಾನು ಹೀಗೇ ಇದ್ದೆ, ನನ್ನನ್ನು ನೋಡಿ ಎಷ್ಟೋ ಜನ ಹೀಗೇ ಇದ್ದರು.

ವರ್ಷಕ್ಕೊಮ್ಮೆ ಕಿವಿ ಪರೀಕ್ಷೆಯೂ ಇರುತ್ತದೆ. ಕ್ಯಾಂಟೀನ್ ಮುಂದೆ ಒಂದು ವ್ಯಾನ್ ಬಂದು ನಿಲ್ಲುತ್ತದೆ. ಒಳಗೆ ಗಾಜಿನ ಗೂಡು. ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಬಟನ್ ಕೊಟ್ಟು, ಸದ್ದು ಕೇಳಿದಾಗ ಒತ್ತಿ ಅನ್ನುತ್ತಾರೆ. ಫೇಲಾದರೆ ಪ್ರೆಸ್ಸಿನಿಂದ ಎತ್ತಿ ಪ್ಯಾಕಿಂಗಿಗೆ ಹಾಕುತ್ತಾರೆ ಎಂದು ಎಲ್ಲರಿಗೂ ಭಯ. ಅದಕ್ಕೆ ಹಳಬರು ಒಂದು ಉಪಾಯ ಹೇಳಿಕೊಟ್ಟಿದ್ದರು. "ಕೇಳ್ಸಲಿ ಬುಡಲಿ, ನಾಕರ್ಗಂಟ ಎಣ್ಸು, ಒತ್ತು. ಮತ್ತೆ ನಾಕು ಎಣ್ಸು, ಒತ್ತು, ಅಷ್ಟೇ ಕಣ್ಲಾ." ನನ್ನ ಕಿವಿ ಚೆನ್ನಾಗಿದ್ದ ಕಾಲದಲ್ಲೂ ನಾನು ಹಾಗೇ ಎಣಿಸಿ ಒತ್ತಿ ಬರುತ್ತಿದ್ದೆ. ಬೇಗ ಮುಗಿಯುತ್ತಿತ್ತು, ಟೀ ಸಿಗುತ್ತಿತ್ತು. ಪ್ರತಿ ವರ್ಷ ಪಾಸು. ಹಾಗಾಗಿ ಕಿವಿ ಯಾವಾಗ ಹೋಗಲು ಶುರುವಾಯಿತು ಎನ್ನುವುದು ವ್ಯಾನಿನವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

ಕೊತ್ತಂಬರಿ ಕಟ್ಟಿದ ಆ ಭಾನುವಾರದ ನಂತರವೂ ನಾನು ಸ್ಕ್ರೂಡ್ರೈವರ್ ಬಿಡಲಿಲ್ಲ. ಮಾತು ಕೇಳುತ್ತದೆ, ಗುದ್ದು ಕೇಳುತ್ತದೆ, ಹೋಗಿರುವುದು ಎಲ್ಲೋ ಒಂದು ಸಣ್ಣ ಸದ್ದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಡೈ ಬಿರುಕಿನ ಸದ್ದೂ ಅಂಥದೇ ಸಣ್ಣ ಸದ್ದು ಎಂದು ನನಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಹಾಗೆ ಯೋಚಿಸಲಿಲ್ಲ. ಯೋಚಿಸಲು ಬಿಡಲಿಲ್ಲ ಅನ್ನುವುದು ಹೆಚ್ಚು ಸರಿ.

ಕಳೆದ ವರ್ಷ ಒಂದು ಬೆಳಿಗ್ಗೆ ಲೈನ್ ಲೀಡರ್ ಬಂದ. "ಅಣ್ಣಾ, ಎರಡ್ನೇ ಪ್ರೆಸ್ ಒಂದ್ಸಲ ಕೇಳ್ಬುಡಣ್ಣ. ಸದ್ದು ಒಂಥರಾ ಐತೆ ಅಂತಾವ್ಳೆ ಆಯಮ್ಮ."

ಆಯಮ್ಮ ಅಂದರೆ ಆ ಪ್ರೆಸ್ಸಿನ ಆಪರೇಟರ್, ಸೇರಿ ವರ್ಷವಾಗಿದ್ದ ಹೆಂಗಸು. ಶಾಲೆಗೆ ಹೋಗುವ ಎರಡು ಮಕ್ಕಳ ತಾಯಿ. ಪ್ಲಗ್ ಹಾಕಿಕೊಂಡೇ ಕೆಲಸ ಮಾಡುತ್ತಿದ್ದಳು, ಅದಕ್ಕೆ ನಾವೆಲ್ಲ ಒಳಗೊಳಗೇ ನಗುತ್ತಿದ್ದೆವು. ನಾನು ಹೋಗಿ ಸ್ಕ್ರೂಡ್ರೈವರ್ ಆನಿಸಿದೆ, ಕಣ್ಣು ಮುಚ್ಚಿದೆ. ಗುದ್ದು, ಗುದ್ದು, ಗುದ್ದು. ಹಿಂದೆ ಏನೂ ಇಲ್ಲ.

"ಏನಿಲ್ಲ ಕಣಮ್ಮ, ಓಡ್ಸು," ಅಂದೆ.

ಊಟದ ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಡೈ ಒಳಗೆ ತಗಡಿಗೆ ತೂತು ಹೊಡೆಯುವ ಪಂಚ್ ಮುರಿದು, ಬೆರಳುಗುರಿನಷ್ಟು ಉಕ್ಕಿನ ಚೂರು ಹಾರಿ ಬಂದು ಮುಂದಿನ ಜಾಲರಿಗೆ ಸಿಕ್ಕಿಕೊಂಡಿತು. ಜಾಲರಿಯ ಆ ಕಡೆ, ಅದೇ ಎತ್ತರದಲ್ಲಿ, ಆಯಮ್ಮನ ಕಣ್ಣಿತ್ತು.

ಯಾರಿಗೂ ಏನೂ ಆಗಲಿಲ್ಲ. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಅಣ್ಣನೇ ಕೇಳಿ ಏನಿಲ್ಲ ಅಂದಮೇಲೆ ಉಕ್ಕೇ ಸರಿಯಿಲ್ಲ ಎಂದು ಎಲ್ಲರೂ ಅಂದರು. ಸೂಪರ್‌ವೈಸರ್ ಕೂಡ ಹಾಗೇ ಬರೆದುಕೊಂಡರು. ಆಯಮ್ಮ ನೀರು ಕುಡಿದು ಬಂದು ನನ್ನ ಹತ್ತಿರ ನಿಂತು, "ಟಿಣ್ ಅಂತಿತ್ತು ಅಣ್ಣಾ. ನೀವ್ ಏನಿಲ್ಲ ಅಂದ್ಮೇಲೆ ನಂಗೇ ತಪ್ಪಾಗ್ ಕೇಳ್ಸಿರ್ಬೇಕು ಅನ್ಕಂಡೆ," ಅಂದಳು. ದೂರುವ ದನಿಯಲ್ಲಿ ಅಲ್ಲ, ಕ್ಷಮೆ ಕೇಳುವ ದನಿಯಲ್ಲಿ. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಬಹಳ ಹೊತ್ತು ಕೈ ತೊಳೆದೆ. ನನ್ನ ಮೇಲೆ ನನಗೇ ಅಸಹ್ಯವಾಗಿತ್ತು. ಜಾಲರಿಯಿಂದ ಬಿಡಿಸಿದ ಆ ಚೂರನ್ನು ಕೇಳಿ ಇಸಿದುಕೊಂಡೆ. ಈಗಲೂ ಅದು ಮನೆಯಲ್ಲಿ, ಡಿಸ್ಕಿನ ಪಕ್ಕದಲ್ಲಿದೆ.

ಎರಡು ವಾರಕ್ಕೆ ವ್ಯಾನ್ ಬಂತು. ಗಾಜಿನ ಗೂಡಿನಲ್ಲಿ ಕೂತೆ. ಹೊರಗೆ ಪರೀಕ್ಷೆ ಮಾಡುವ ಹುಡುಗಿ ಯಂತ್ರದ ಮುಂದೆ ಕೂತಿದ್ದಳು. ಕೈಯಲ್ಲಿ ಬಟನ್. ಮೊದಲು ದಪ್ಪ ಸದ್ದುಗಳು ಬಂದವು, ಕೇಳಿದವು, ಒತ್ತಿದೆ. ಆಮೇಲೆ ಮೌನ. ತಲೆಯೊಳಗೆ ಎಣಿಕೆ ತನ್ನಷ್ಟಕ್ಕೇ ಶುರುವಾಯಿತು: ಒಂದು, ಎರಡು, ಮೂರು, ನಾಲ್ಕು. ಹೆಬ್ಬೆರಳು ಅಭ್ಯಾಸಬಲದಿಂದ ಬಗ್ಗಿತು. ಬಟನ್ನಿನ ಮೇಲಿಂದ ಅದನ್ನು ಎತ್ತಿ, ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡೆ. ಮೌನ ಮುಂದುವರಿಯಿತು. ಗಾಜಿನಾಚೆ ಆ ಹುಡುಗಿ ಒಂದು ಗುಂಡಿಯನ್ನು ತಿರುಗಿಸುತ್ತಿದ್ದಳು, ನನ್ನ ಕಡೆ ನೋಡುತ್ತಿದ್ದಳು, ಮತ್ತೆ ತಿರುಗಿಸುತ್ತಿದ್ದಳು. ಹೆಡ್‌ಫೋನ್ ಕೆಟ್ಟಿರಬಹುದು ಎಂದು ಎದ್ದು ಬಂದು ವೈರ್ ಕೂಡ ನೋಡಿದಳು. ನಾನೂ ಮೊದಲು ಮೆಮೊರಿ ಕಾರ್ಡನ್ನೇ ಬೈದವನಲ್ಲವೇ, ಸುಮ್ಮನೆ ಕೂತಿದ್ದೆ.

ಪ್ರೆಸ್ಸಿನಿಂದ ತೆಗೆದರು. ಪ್ಯಾಕಿಂಗಿಗೆ ಹಾಕಲಿಲ್ಲ, ತಯಾರಾದ ತುಂಡುಗಳ ಅಳತೆ ನೋಡುವ ಮೇಜಿಗೆ ಹಾಕಿದ್ದಾರೆ. ಬೆಳಿಗ್ಗೆ ಶಿಫ್ಟ್ ಶುರುವಾಗುವ ಮುಂಚೆ ಪ್ರೆಸ್ ವಿಭಾಗದ ಬಾಗಿಲಲ್ಲಿ ನಿಂತು ಎಲ್ಲರ ಕಿವಿಯಲ್ಲಿ ಪ್ಲಗ್ ಇದೆಯೇ ನೋಡುವುದೂ ನನ್ನದೇ ಕೆಲಸ. ಅದನ್ನು ನಾನೇ ಕೇಳಿ ಪಡೆದೆ. ಮೊದಲ ದಿನ ನಕ್ಕರು. "ಏನ್ಲಾ, ನಿಂಗೇ ಬುದ್ಧಿ ಬಂತಾ?" ಅಂದ ನನ್ನ ಜೊತೆಯಲ್ಲೇ ಕೆಲಸಕ್ಕೆ ಸೇರಿದವನೊಬ್ಬ. ಬಂತು ಕಣ್ಲಾ, ಹಾಕ್ಕೋ, ಅಂದೆ. ಸ್ಕ್ರೂಡ್ರೈವರನ್ನು ಆಯಮ್ಮನಿಗೆ ಕೊಟ್ಟಿದ್ದೇನೆ. ಅವಳು ಒಂದು ಪ್ಲಗ್ ತೆಗೆದು, ಕೇಳಿ, ಮತ್ತೆ ಹಾಕಿಕೊಳ್ಳುತ್ತಾಳೆ. ಜಪಾನ್ ಸಾರ್ ನೋಡಿದ್ದರೆ ಅವಳಿಗೂ ಒಂದು ಬೋಲ್ಟ್ ಕೊಡುತ್ತಿದ್ದರು.

ಹಾಡುಗಳನ್ನು ಬಿಟ್ಟಿಲ್ಲ. ಬಸ್ಸಿನ ಹಾಡು ಮೊದಲಿನಷ್ಟೇ ಸಿಟ್ಟು ತರುತ್ತದೆ. ಅಪ್ಪನ ಹಾಡಿನ ಕೊನೆ ಹಾಗೇ ಇದೆ, ಹಾಡುವವನ ದನಿ ದಪ್ಪವಾಗಿರುವುದು ನನ್ನ ಪುಣ್ಯ. ತಾಳದ ಹಾಡನ್ನು ಮಾತ್ರ ಬಹಳ ದಿನ ಮುಟ್ಟಿರಲಿಲ್ಲ.

ಹೋದ ಭಾನುವಾರ, ಅದೇ ಜಗಲಿಯಲ್ಲಿ, ಹೆಂಡತಿಗೆ ಎಲ್ಲವನ್ನೂ ಹೇಳಿದೆ. ವ್ಯಾನಿನ ವಿಷಯ ಅವಳಿಗೆ ಗೊತ್ತಿತ್ತು. ಅವತ್ತು ಕೊತ್ತಂಬರಿ ಕಟ್ಟುವಾಗ ಸುಳ್ಳು ಹೇಳಿದ್ದು ಗೊತ್ತಿರಲಿಲ್ಲ. ಅವಳು ಬೈಯಬಹುದು ಅಂದುಕೊಂಡಿದ್ದೆ. "ಕೇಳ್ಸಲ್ಲ ಅಂದಿದ್ರೆ ಅವತ್ತೇ ನಾನ್ ಹೇಳ್ತಿರ್ಲಿಲ್ವಾ, ಎಲ್ಲೆಲ್ಲಿ ಬತ್ತೈತೆ ಅಂತ," ಅಂದಳು.

ಹೊಂಗೆ ಮರದ ಕೆಳಗಿನ ಆಟವನ್ನು ಹೇಳಿಕೊಟ್ಟೆ. ತಾಳ ಕೇಳಿದಾಗಲೆಲ್ಲ ಒಂದು ಬೆರಳು ಎತ್ತಬೇಕು, ಅಷ್ಟೇ. ಅವಳು ಸೆರಗಿಗೆ ಕೈ ಒರೆಸಿಕೊಂಡು ನೆಟ್ಟಗೆ ಕೂತಳು. ಹಾಡು ಹಾಕಿದೆ. ಮೌನ. ಅವಳ ಬೆರಳು ಎದ್ದಿತು. ಇಳಿಯಿತು. ಮತ್ತೆ ಎದ್ದಿತು. ನನಗೆ ಧೈರ್ಯ ಬಂತು. ಇಷ್ಟು ವರ್ಷ ಕೇಳಿದ ಹಾಡು, ಒಂಬತ್ತೂ ತಲೆಯಲ್ಲಿವೆ, ಕಿವಿ ಇಲ್ಲದಿದ್ದರೇನು ಅನ್ನಿಸಿತು. ಮೂರನೆಯದಕ್ಕೆ ಅವಳ ಜೊತೆಗೇ ಎತ್ತೋಣವೆಂದು ನಾನೂ ಬೆರಳು ಎತ್ತಿದೆ.

ಅವಳ ಬೆರಳು ಏಳಲಿಲ್ಲ. ನನ್ನ ಬೆರಳನ್ನು ನೋಡಿ, ಮೆಲ್ಲಗೆ ಹಿಡಿದು ಕೆಳಗಿಳಿಸಿದಳು.

"ಇನ್ನೂ ಬಂದಿಲ್ಲ, ಬಾವ," ಅಂದಳು.

ಅವಳ ಕೈಯಲ್ಲಿ ಕೊತ್ತಂಬರಿ ವಾಸನೆ ಇತ್ತು. ನಾನು ಎಣಿಸುವುದನ್ನು ಬಿಟ್ಟು ಅವಳ ಬೆರಳನ್ನೇ ನೋಡುತ್ತಾ ಕೂತೆ.

"ಈಗ," ಅಂದಳು.